ಕೋಶಾಧಿಕಾರಿಯ ಪಾಸ್‌ಬುಕ್ಕಿನಲ್ಲಿ ಸಂಘದ ದುಡ್ಡು

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವನು, ನಿವೃತ್ತ ಶಾಲಾ ಮಾಷ್ಟ್ರು. ನಾವು ಹನ್ನೊಂದು ಜನ ಸೇರಿ ಏಳು ವರ್ಷದಿಂದ ಒಂದು ಸಣ್ಣ ಸಂಘ ನಡೆಸುತ್ತಿದ್ದೇವೆ. ಒಂದು ಓದುವ ಕೋಣೆ ಇದೆ. ಭಾನುವಾರ ಮಕ್ಕಳಿಗೆ ಯಕ್ಷಗಾನ ತರಗತಿ. ಹಾಸಿಗೆ ಹಿಡಿದವರಿಗೆ ಮಂಚ, ವೀಲ್‌ಚೇರ್, ಏರ್ ಬೆಡ್ ಎರವಲು ಕೊಡುತ್ತೇವೆ. ನೋಂದಣಿ ಆಗಿಲ್ಲ. ಹಣ ಕೋಶಾಧಿಕಾರಿಯವರ ಸ್ವಂತ ಖಾತೆಯಲ್ಲಿದೆ. ಈಗ ದುಬೈಯಲ್ಲಿರುವ ನಮ್ಮೂರಿನ ಒಬ್ಬರು ಕಟ್ಟಡಕ್ಕೆ ಆರು ಲಕ್ಷ ಕೊಡುತ್ತೇನೆ, ಮೊದಲು ರಿಜಿಸ್ಟರ್ ಮಾಡಿ ಎನ್ನುತ್ತಿದ್ದಾರೆ. ಅಮೆರಿಕದಲ್ಲಿ ನೆಲೆಸಿದ ಇನ್ನೊಬ್ಬರೂ ಕೊಡಲು ತಯಾರಿದ್ದಾರೆ. ಟ್ರಸ್ಟ್ ಮಾಡಿ ಎಂದು ಕೆಲವರು, ಮಂಗಳೂರಿನಲ್ಲಿ ರಿಜಿಸ್ಟರ್ ಮಾಡಿದರೆ ಎಲ್ಲ ಕನ್ನಡದಲ್ಲೇ ಆಗುತ್ತದೆ ಎಂದು ಕೆಲವರು. ಕಾರ್ಯದರ್ಶಿಯಾಗಿ ಎಲ್ಲ ಕೆಲಸ ನನ್ನ ತಲೆ ಮೇಲೆ. ಉಳಿದವರು ವಾರ್ಷಿಕೋತ್ಸವದ ದಿನ ಮಾತ್ರ ಕಾಣಿಸುತ್ತಾರೆ. ಬಿಟ್ಟುಬಿಡೋಣ ಅನಿಸುತ್ತದೆ. ಎಲ್ಲಿಂದ ಶುರು ಮಾಡಲಿ? ರಬ್ಬರ್ ಸ್ಟಾಂಪ್ ಈಗಲೇ ಮಾಡಿಸಬಹುದಾ?

ಉತ್ತರ:

ಮಾಷ್ಟ್ರೇ, ಸ್ಟಾಂಪಿನ ವಿಷಯ ಕೊನೆಗೆ ಹೇಳುತ್ತೇನೆ. ನೋಂದಣಿಯೂ ಸ್ವಲ್ಪ ಆಮೇಲೆ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಒಂದೇ ಸಾಲಿನಲ್ಲಿ: ಹಣ ಕೋಶಾಧಿಕಾರಿಯವರ ಸ್ವಂತ ಖಾತೆಯಲ್ಲಿದೆ. ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಇಪ್ಪತ್ತು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಸಂಘದಲ್ಲಿದ್ದೆ. ಊರು, ಹೆಸರು ಬೇಡ. ನಮ್ಮ ಕೋಶಾಧಿಕಾರಿಯವರಷ್ಟು ಶುದ್ಧ ಕೈಯ ಮನುಷ್ಯರನ್ನು ಮತ್ತೆ ನಾನು ಕಂಡಿಲ್ಲ. ಸಂಘದ ಕೆಲಸಕ್ಕೆ ಕಾಸರಗೋಡಿಗೆ ಹೋಗಿ ಬಂದರೆ ಬಸ್ಸಿನ ಚಿಲ್ಲರೆ ಉಳಿದದ್ದನ್ನೂ ತಂದು ಡಬ್ಬಿಗೆ ಹಾಕುವವರು. ಆದರೆ ಅಡಿಕೆ ಮಾರಿದ ದುಡ್ಡೂ ಸಂಘದ ದುಡ್ಡೂ ಒಂದೇ ಖಾತೆಯಲ್ಲಿ. ಲೆಕ್ಕ ಅರ್ಧ ಅವರ ತಲೆಯಲ್ಲಿ, ಅರ್ಧ ಒಂದು ಇನ್ನೂರು ಪೇಜಿನ ಪುಸ್ತಕದಲ್ಲಿ, ಅದೂ ಪೆನ್ಸಿಲಿನಲ್ಲಿ. ಸಂಘಕ್ಕೆ ಸೇರಿದ ಸಾಲಿನ ಮುಂದೆ "ಸಂ" ಅಂತ ಒಂದು ಗುರುತು ಹಾಕುತ್ತಿದ್ದರು.

ಒಂದು ಮಳೆಗಾಲದಲ್ಲಿ ಎದೆನೋವು ಬಂತು. ಮಂಗಳೂರಿಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡರು. ಬೊಜ್ಜ (ಉತ್ತರಕ್ರಿಯೆ) ಕಳೆದ ಮೇಲೆ ನಾವು ಮೂವರು ಅವರ ಮನೆಗೆ ಹೋದೆವು. ಮಗ ಮರ್ಯಾದೆಯಿಂದಲೇ ಕೇಳಿದ: "ಇದರಲ್ಲಿ ನಿಮ್ಮದೆಷ್ಟು, ಅಪ್ಪನದೆಷ್ಟು? ತೋರಿಸಿ, ಕೊಡ್ತೇನೆ." ಪುಸ್ತಕ ತೆರೆದೆವು. ಕೆಲವು ಕಡೆ "ಸಂ" ಇತ್ತು, ಕೆಲವು ಕಡೆ ಒರೆಸಿಹೋಗಿತ್ತು. ಒಂದು ಪುಟದಲ್ಲಿ "ಸಂ" ಅಂದರೆ ಸಂಘವಾ, ಸಂಬಳವಾ ಅಂತಲೇ ಗೊತ್ತಾಗಲಿಲ್ಲ. ತೋಟದ ಆಳುಗಳ ಸಂಬಳದ ಲೆಕ್ಕವೂ ಅದೇ ಪುಸ್ತಕದಲ್ಲಿತ್ತು. ಏಳು ತಿಂಗಳು ಹೋಗಿ ಬಂದು ಕೊನೆಗೆ ಒಂದು ಅಂದಾಜು ಮೊತ್ತಕ್ಕೆ ಒಪ್ಪಿಕೊಂಡೆವು. ದುಡ್ಡು ಬಂತು. ಆ ಮನೆಯವರು ಮಾತ್ರ ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ. ತಪ್ಪು ಸತ್ತವರದ್ದಲ್ಲ, ಮಗನದ್ದೂ ಅಲ್ಲ. ಅಷ್ಟು ವರ್ಷ ನೋಡಿಯೂ ಸುಮ್ಮನಿದ್ದ ನಮ್ಮದು.

ನಿಮ್ಮ ಕೋಶಾಧಿಕಾರಿ ನೂರು ವರ್ಷ ಬಾಳಲಿ. ಆದರೂ ಲೆಕ್ಕ ನೋಡಿ: ಅವರ ಖಾತೆಯಲ್ಲಿರುವ ಹಣ ಕಾಗದದ ಪ್ರಕಾರ ಅವರದ್ದೇ. ಅದರ ಬಡ್ಡಿ ಅವರ ಆದಾಯ. ತೆರಿಗೆ ಇಲಾಖೆ ಕೇಳಿದರೆ ಉತ್ತರ ಕೊಡಬೇಕಾದವರು ಅವರು. ನಾಮಿನಿ ಅವರ ಮನೆಯವರು. ಅಂದರೆ ಅಪಾಯ ಸಂಘಕ್ಕಿಂತ ಅವರಿಗೇ ಜಾಸ್ತಿ. ಅವರ ಹತ್ತಿರ ಮಾತಾಡುವಾಗ ಇದನ್ನೇ ಹೇಳಿ. "ಲೆಕ್ಕ ಸರಿಯಿಲ್ಲ" ಅಂತ ಯಾರೂ ಬಾಯಿ ಬಿಡಬಾರದು. ಏಳು ವರ್ಷ ಧರ್ಮಕ್ಕೆ ದುಡಿದವರಿಗೆ ಆ ಒಂದು ಮಾತು ಸಾಕು, ಎದ್ದು ಹೋಗುತ್ತಾರೆ. ನನ್ನ ಸಲಹೆ ಕೇಳುವುದಾದರೆ, ಬೇರೆ ಖಾತೆ ತೆರೆಯುವ ನಿರ್ಣಯವನ್ನು ಸಭೆಯಲ್ಲಿ ಅವರೇ ಮಂಡಿಸಲಿ, ಬೇರೆಯವರು ಅನುಮೋದಿಸಲಿ.

ನೋಂದಣಿ ಆಗದ ಸಂಘಕ್ಕೂ ಬ್ಯಾಂಕ್ ಖಾತೆ ಸಿಗುತ್ತದೆ ಅಂತ ತುಂಬಾ ಜನರಿಗೆ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅದಕ್ಕೆ ಜಾಗ ಇದೆ. ಆಡಳಿತ ಸಮಿತಿಯ ನಿರ್ಣಯ, ಪಾನ್ ಕಾರ್ಡು ಅಥವಾ ಅದು ಇಲ್ಲದಿದ್ದರೆ ಅದರ ಬದಲಿಗೆ ಕೊಡುವ ಘೋಷಣಾ ಪತ್ರ, ವ್ಯವಹಾರ ಮಾಡುವವರಿಗೆ ಕೊಟ್ಟ ಅಧಿಕಾರ ಪತ್ರ, ಅವರ ಗುರುತಿನ ದಾಖಲೆ, ಸಂಘ ಇರುವುದು ಹೌದು ಅಂತ ತೋರಿಸುವ ಕಾಗದ ಕೇಳುತ್ತಾರೆ. ಮ್ಯಾನೇಜರು ಮನಸ್ಸು ಮಾಡಬೇಕು, ಅಷ್ಟೆ. ಅವರು ಒಪ್ಪದಿದ್ದರೆ ನೋಂದಣಿ ಆಗುವ ತನಕ ಇಬ್ಬರು ಪದಾಧಿಕಾರಿಗಳ ಹೆಸರಿನಲ್ಲಿ ಜಂಟಿ ಖಾತೆ ತೆರೆಯಿರಿ. ಅದರಲ್ಲಿ ಸಂಘದ ಹಣ ಬಿಟ್ಟು ಬೇರೆ ಒಂದು ರೂಪಾಯಿಯೂ ಇರಬಾರದು. ಇರುವುದು ಸಂಘದ ಹಣ ಅಂತ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಏಳು ವರ್ಷದ ಲೆಕ್ಕವನ್ನು ಮೊದಲಿಂದ ಕೂಡಿಸಲು ಹೋಗಬೇಡಿ. ಆಗದ ಕೆಲಸ ಅದು, ಸುಮ್ನೆ ಜಗಳ ಆಗುತ್ತದೆ. ಒಂದು ದಿನ ಗೊತ್ತು ಮಾಡಿ. ಆ ದಿನ ಕೈಯಲ್ಲಿ ಎಷ್ಟು, ಬ್ಯಾಂಕಿನಲ್ಲಿ ಎಷ್ಟು, ಯಾರಿಗೆ ಕೊಡಲಿಕ್ಕೆ ಉಂಟು, ಯಾರಿಂದ ಬರಲಿಕ್ಕೆ ಉಂಟು, ಎಷ್ಟು ಮಂಚ, ಎಷ್ಟು ವೀಲ್‌ಚೇರ್, ಕಪಾಟಿನಲ್ಲಿ ಎಷ್ಟು ಪುಸ್ತಕ ಅಂತ ಬರೆಯಿರಿ. ಅದೇ ನಿಮ್ಮ ಆರಂಭ ಶಿಲ್ಕು. ಹನ್ನೊಂದು ಜನರೂ ಒಪ್ಪಿ ಸಹಿ ಹಾಕಿದ ಮೇಲೆ ಹಿಂದಿನದ್ದು ಕೆದಕುವಂತಿಲ್ಲ.

ಹೊಸ ಖಾತೆಗೆ ಮೂವರಲ್ಲಿ ಇಬ್ಬರ ಸಹಿ ಇರಲಿ. ಆ ಮೂವರು ಒಂದೇ ಮನೆಯವರಾಗಬಾರದು. ಮತ್ತೊಂದು ಮಾತು, ಇದನ್ನು ನಾನೂ ಮಾಡಿದ್ದೇನೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಅಧ್ಯಕ್ಷರು ಊರಲ್ಲಿ ಇರುವುದಿಲ್ಲ ಅಂತ ಖಾಲಿ ಚೆಕ್ಕುಗಳಿಗೆ ಮೊದಲೇ ಸಹಿ ಹಾಕಿಸಿ ಇಟ್ಟುಕೊಳ್ಳುವ ಅಭ್ಯಾಸ. ಹತ್ತರಲ್ಲಿ ಎಂಟು ಸಂಘಗಳಲ್ಲಿ ಇದು ನಡೆಯುತ್ತದೆ ಅಂತ ನನ್ನ ಅಂದಾಜು. ಹಾಗೆ ಮಾಡಿದ ದಿನವೇ ಇಬ್ಬರ ಸಹಿ ಒಬ್ಬರ ಸಹಿಯಾಗಿಬಿಡುತ್ತದೆ, ಅಲ್ವಾ? ಊರಲ್ಲಿ ಇಲ್ಲದವರು ಸಹಿದಾರರಾಗುವುದೇ ಬೇಡ.

ರಶೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಅಚ್ಚು ಹಾಕಿಸಿ. ಹಾಳಾದ ರಶೀದಿಯನ್ನು ಹರಿದು ಬಿಸಾಡಬೇಡಿ, ಅಡ್ಡ ಗೆರೆ ಎಳೆದು ಪುಸ್ತಕದಲ್ಲೇ ಇಡಿ. ಯಾವ ಪುಸ್ತಕ ಯಾರ ಕೈಯಲ್ಲಿದೆ ಅಂತ ಬರೆದಿಡಿ, ಏಕೆಂದರೆ ವಾರ್ಷಿಕೋತ್ಸವದ ಹೊತ್ತಿಗೆ ಐದು ಜನ ಐದು ಪುಸ್ತಕ ಹಿಡಿದು ಹೋಗುತ್ತಾರೆ, ಹಿಂದೆ ಬರುವುದು ನಾಲ್ಕು. ಬಂದ ಹಣ ಮೊದಲು ಬ್ಯಾಂಕಿಗೆ ಹೋಗಲಿ, ಖರ್ಚಿಗೆ ಬ್ಯಾಂಕಿನಿಂದ ತೆಗೆಯಿರಿ. ವಂತಿಗೆ ಬಂದ ನೋಟಿನಿಂದಲೇ ಶಾಮಿಯಾನದವನಿಗೆ ಕೊಟ್ಟರೆ ಎರಡು ಕಡೆಯ ಲೆಕ್ಕವೂ ಹೋಯಿತು. ಚಿಲ್ಲರೆ ಖರ್ಚಿಗೆ ಎರಡು ಮೂರು ಸಾವಿರ ಕೈಯಲ್ಲಿ ಇದ್ದರೆ ಸಾಕು. ಬಿಲ್ಲು ಕೊಡದ ಬಡಗಿ, ರಿಕ್ಷಾದವರಿಗೆ ವೋಚರ್ ಬರೆದು ಸಹಿ ಹಾಕಿಸಿ. ಮೊಬೈಲಿನಲ್ಲಿ ದುಡ್ಡು ಹಾಕುವ ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಆಗಿರಲಿ, ನಿಮ್ಮ ಫೋನಿನದ್ದಲ್ಲ.

ಈಗ ನೋಂದಣಿಗೆ ಬರೋಣ.

ನಿಮಗೆ ಹೊಂದುವುದು ಸೊಸೈಟಿ, ಟ್ರಸ್ಟ್ ಅಲ್ಲ. ಟ್ರಸ್ಟ್ ಮಾಡುವುದು ಸುಲಭ ಹೌದು. ಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಗಿಯಿತು. ಮಹಾರಾಷ್ಟ್ರದಲ್ಲಿರುವಂಥ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಕೇರಳದಲ್ಲಿ ಇಲ್ಲ, ಆದ್ದರಿಂದ ಮೇಲಿನಿಂದ ಕೇಳುವವರೂ ಕಡಿಮೆ. ಒಂದು ಕುಟುಂಬ ಜಾಗವೋ ದುಡ್ಡೋ ಬಿಟ್ಟುಕೊಟ್ಟು ಇಂಥ ಕೆಲಸಕ್ಕೇ ಬಳಸಿ ಅನ್ನುವಾಗ ಟ್ರಸ್ಟ್ ಒಳ್ಳೆಯದು. ನಿಮ್ಮಲ್ಲಿ ಊರಿನವರ ವಂತಿಗೆ ಇದೆ. ವಂತಿಗೆ ಕೊಟ್ಟವನಿಗೆ ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕೂ ಇರಬೇಕು. ಟ್ರಸ್ಟಿನಲ್ಲಿ ಅದು ಇಲ್ಲ. ಸೆಕ್ಷನ್ 8 ಕಂಪನಿ, ಅಂದರೆ ಲಾಭ ಹಂಚದ ಕಂಪನಿ, ಮಾಡಿ ಅಂತ ಯಾರಾದರೂ ಹೇಳಿದರೆ ಕಾಪಿ ಕುಡಿಸಿ ಕಳಿಸಿ. ವರ್ಷ ವರ್ಷದ ಕಾಗದಪತ್ರದ ಖರ್ಚೇ ನಿಮ್ಮ ಏರ್ ಬೆಡ್ಡಿನ ಖರ್ಚಿಗಿಂತ ಜಾಸ್ತಿ ಆದೀತು.

ಇಲ್ಲಿ ನಮ್ಮ ಜಿಲ್ಲೆಯದ್ದೇ ಒಂದು ತಮಾಷೆ ಉಂಟು. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅದರ ಗುರುತು ಸಂಘಗಳ ಕಾನೂನಿನಲ್ಲಿ ಇವತ್ತಿಗೂ ಉಳಿದಿದೆ. ಹಳೆಯ ತಿರುವಾಂಕೂರು–ಕೊಚ್ಚಿಯ ಭಾಗಕ್ಕೆ 1955ರ ಬೇರೆ ಕಾಯ್ದೆ. ಮಲಬಾರ್ ಕಡೆಗೆ, ಅಂದರೆ ನಮಗೂ, 1860ರ ಸೊಸೈಟೀಸ್ ರಿಜಿಸ್ಟ್ರೇಶನ್ ಕಾಯ್ದೆ. ಹಾಗಾಗಿ ಎರ್ನಾಕುಳಂನ ಯಾರೋ ಮಾಡಿದ ಯೂಟ್ಯೂಬ್ ವಿಡಿಯೋ ನೋಡಿ ಬೈಲಾ, ಅಂದರೆ ಸಂಘದ ನಿಯಮಾವಳಿ, ಬರೆಯಬೇಡಿ. ಸೆಕ್ಷನ್ನುಗಳು ಹೊಂದುವುದಿಲ್ಲ.

1860ರ ಕಾಯ್ದೆಯಲ್ಲಿ ಏಳು ಜನ ಸಾಕು, ನೀವು ಹನ್ನೊಂದು ಇದ್ದೀರಿ. ಉದ್ದೇಶಪತ್ರ ಒಂದು, ನಿಯಮಾವಳಿ ಒಂದು. ಉದ್ದೇಶಪತ್ರದಲ್ಲಿ ಸಂಘದ ಹೆಸರು, ಉದ್ದೇಶ, ಸಮಿತಿಯವರ ಹೆಸರು, ವಿಳಾಸ, ಉದ್ಯೋಗ. ನಿಯಮಾವಳಿಯ ಪ್ರತಿ ಸರಿಯಾಗಿದೆ ಅಂತ ಸಮಿತಿಯ ಕನಿಷ್ಠ ಮೂವರು ದೃಢೀಕರಿಸಬೇಕು. ಓದುವ ಕೋಣೆ ಇರುವ ಕಟ್ಟಡದ ಮಾಲಿಕರಿಂದ ಒಂದು ಒಪ್ಪಿಗೆ ಪತ್ರವನ್ನೂ ತಯಾರಿಟ್ಟುಕೊಳ್ಳಿ. ಅರ್ಜಿ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಗೆ.

ಉದ್ದೇಶಗಳನ್ನು ಬರೆಯುವಾಗ ಅವಸರ ಮಾಡಬೇಡಿ. ಆಮೇಲೆ ಬದಲಿಸಬೇಕಾದರೆ ಎಲ್ಲ ಸದಸ್ಯರಿಗೂ ಹತ್ತು ದಿನ ಮೊದಲು ಬರಹದಲ್ಲಿ ತಿಳಿಸಿ, ವಿಶೇಷ ಸಭೆಯಲ್ಲಿ ಐದರಲ್ಲಿ ಮೂರು ಪಾಲು ಮತ ಸಿಗಬೇಕು. ಒಂದು ತಿಂಗಳು ಬಿಟ್ಟು ಇನ್ನೊಂದು ಸಭೆಯಲ್ಲಿ ಅಷ್ಟೇ ಪಾಲು ಮತ್ತೆ ಒಪ್ಪಬೇಕು. ವಾರ್ಷಿಕೋತ್ಸವಕ್ಕೆ ಮಾತ್ರ ಬರುವ ಜನರನ್ನು ತಿಂಗಳ ಅಂತರದಲ್ಲಿ ಎರಡು ಸಲ ಕೂಡಿಸುವುದು ನಿಮ್ಮಿಂದ ಆದೀತಾ? ಆದ್ದರಿಂದ ಈಗಲೇ ಸ್ವಲ್ಪ ಅಗಲಕ್ಕೆ ಬರೆಯಿರಿ: ವಿದ್ಯಾಭ್ಯಾಸ, ಗ್ರಂಥಾಲಯ, ಕನ್ನಡ ಮತ್ತು ತುಳುನಾಡಿನ ಕಲೆಗಳು, ರೋಗಿಗಳ ಆರೈಕೆ, ಬಡವರಿಗೆ ನೆರವು. "ನಮ್ಮ ಸಮಾಜದವರಿಗೆ" ಅನ್ನುವ ಮಾತು ಎಲ್ಲೂ ಬರಬಾರದು. ಒಂದೇ ಜಾತಿಗೋ ಮತಕ್ಕೋ ಸೀಮಿತ ಅಂತ ಕಂಡರೆ ತೆರಿಗೆ ವಿನಾಯಿತಿ ಕೈ ಬಿಟ್ಟಂತೆ. ಸಂಘ ಮುಚ್ಚಿದರೆ ಉಳಿದ ಆಸ್ತಿ ಸದಸ್ಯರಿಗೆ ಹಂಚಿಹೋಗದೆ ಇಂಥದ್ದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗುತ್ತದೆ ಎಂಬ ಸಾಲನ್ನೂ ಮರೆಯದೆ ಹಾಕಿ.

ಮಂಗಳೂರು ಬೇಡ. ಅಲ್ಲಿ ಕರ್ನಾಟಕದ 1960ರ ಕಾಯ್ದೆ. ನೋಂದಾಯಿತ ಕಚೇರಿ ಆ ರಾಜ್ಯದಲ್ಲಿರಬೇಕು. ಯಾರದ್ದೋ ಸಂಬಂಧಿಕರ ಮನೆ ವಿಳಾಸ ಕೊಟ್ಟು ಮಾಡಿದ ಸಂಘಗಳನ್ನು ನೋಡಿದ್ದೇನೆ. ನೋಟೀಸು ಆ ಮನೆಗೆ ಬರುತ್ತದೆ, ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕೆಲಸ ನಿಮ್ಮ ಎಣ್ಮಕಜೆಯ ಪೆರ್ಲದಲ್ಲಿ, ಕಾಗದ ಮಂಗಳೂರಲ್ಲಿ ಅಂದರೆ ಕೇರಳದ ಲೈಬ್ರರಿ ಕೌನ್ಸಿಲ್, ಪಂಚಾಯತು ಎರಡೂ ಕಡೆ ಮುಖ ತಿರುಗಿಸಿಯಾರು. ನಿಮ್ಮ ಓದುವ ಕೋಣೆ ಲೈಬ್ರರಿ ಕೌನ್ಸಿಲಿನ ಅಂಗೀಕಾರ ಪಡೆದರೆ ಗ್ರೇಡಿಗೆ ತಕ್ಕ ವಾರ್ಷಿಕ ಅನುದಾನ ಬರುತ್ತದೆ. ಕನ್ನಡ ಪುಸ್ತಕಗಳಿಗೆ ಅದೊಂದು ಆಧಾರ. ಕರ್ನಾಟಕದ ಕಡೆಯಿಂದ ಬೇಕಾದರೆ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ, ಕಾಸರಗೋಡಿನ ಕನ್ನಡ ಸಂಸ್ಥೆಗಳಿಗೂ ಅದು ನೆರವು ಕೊಟ್ಟದ್ದುಂಟು.

ಭಾಷೆಯ ಕಷ್ಟ ನನಗೂ ಗೊತ್ತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಹಕ್ಕನ್ನು ಬಿಡಬೇಡಿ, ಅರ್ಜಿ ಕನ್ನಡದಲ್ಲೂ ಕೊಡಿ. ಆದರೆ ಬೈಲಾವನ್ನು ಇಂಗ್ಲಿಷಿನಲ್ಲಿ ಮಾಡಿಸುವುದೇ ಜಾಣತನ. ಬ್ಯಾಂಕು, ಆಡಿಟರು, ತೆರಿಗೆ ಇಲಾಖೆ ಎಲ್ಲರೂ ಅದನ್ನೇ ಕೇಳುತ್ತಾರೆ. ಅದರ ಕನ್ನಡ ಪ್ರತಿಯನ್ನು ಸದಸ್ಯರಿಗೆ ಓದಿ ಹೇಳಿ. ನಡಾವಳಿ ಪುಸ್ತಕ ಕನ್ನಡದಲ್ಲೇ ಇರಲಿ, ಬ್ಯಾಂಕಿಗೆ ಬೇಕಾದ ನಿರ್ಣಯ ಮಾತ್ರ ಇಂಗ್ಲಿಷಿನಲ್ಲಿ ತೆಗೆದುಕೊಡಿ.

ದುಡ್ಡು ಕೊಡುವವರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಗಲ್ಫಿನ ದುಡ್ಡು ಇಲ್ಲದ ಸಂಘ ನಮ್ಮ ಜಿಲ್ಲೆಯಲ್ಲಿ ಹುಡುಕಬೇಕಷ್ಟೆ, ಮತ್ತೆ ಎಡವುವುದೂ ಅಲ್ಲೇ.

ದುಬೈಯವರ ಹತ್ತಿರ ಇರುವುದು ಭಾರತದ ಪಾಸ್‌ಪೋರ್ಟ್ ತಾನೆ? ಹಾಗಾದರೆ ಅವರು ಎಲ್ಲೇ ಇರಲಿ, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ಪ್ರತಿಯೊಂದನ್ನು ತರಿಸಿ ಫೈಲಿನಲ್ಲಿಡಿ. ಆದರೆ ಹಣ ಅವರ ಸ್ವಂತ ಖಾತೆಯಿಂದ ಬರಬೇಕು. ಅಲ್ಲಿ ಅವರದ್ದೇ ಕಂಪನಿ ಇದ್ದು ಕಂಪನಿಯ ಖಾತೆಯಿಂದ ಹಾಕಿದರೆ ಅದು ವಿದೇಶಿ ಮೂಲ. ಈ ವ್ಯತ್ಯಾಸ ಅವರಿಗೂ ಹೊಳೆದಿರಲಿಕ್ಕಿಲ್ಲ, ಫೋನು ಮಾಡಿ ಬಿಡಿಸಿ ಹೇಳಿ. ಊರಿಗೆ ಬರುವಾಗ ಕೈಯಲ್ಲಿ ಕೊಡುತ್ತೇನೆ ಅಂದರೂ ಬೇಡ ಅನ್ನಿ. ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ.

ಅಮೆರಿಕದವರ ಕತೆ ಬೇರೆ. ಗ್ರೀನ್ ಕಾರ್ಡ್ ಮಾತ್ರ ಇದ್ದು ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆದರೆ ದುಬೈಯವರ ಹಾಗೆಯೇ. ಅಲ್ಲಿನ ಪೌರತ್ವ ಪಡೆದು ಓಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇಟ್ಟುಕೊಂಡಿದ್ದರೆ ಅವರು ಕಾನೂನಿನ ಕಣ್ಣಿಗೆ ವಿದೇಶಿಯರು. ಜಾತ್ರೆಗೆ ಬಂದವರು ಇಲ್ಲಿನ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಹಣ ಬೇಡ, ಹತ್ತು ವೀಲ್‌ಚೇರ್ ಕಳಿಸುತ್ತೇನೆ ಅಂದರೂ ಅದೇ ಕಾನೂನು. ತೆಗೆದುಕೊಳ್ಳಬೇಕಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಅದರಡಿ ಬೇರೆಯೇ ನೋಂದಣಿ ಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷ ಹಳೆಯ ಸಂಸ್ಥೆಯಾಗಿರಬೇಕು, ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಸೇವೆಗೆ ಖರ್ಚು ಮಾಡಿರಬೇಕು, ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ಪೂರ್ವಾನುಮತಿ ಅಂತ ಇನ್ನೊಂದು ದಾರಿ ಉಂಟು, ಅದೂ ನಿಮ್ಮ ಗಾತ್ರಕ್ಕೆ ಭಾರವೇ. "ಅಣ್ಣನ ದುಡ್ಡನ್ನು ಇಲ್ಲಿರುವ ತಂಗಿಯ ಖಾತೆಗೆ ಹಾಕಿಸಿ, ಅವಳಿಂದ ತೆಗೆದುಕೊಳ್ಳೋಣ" ಅಂತ ಸಭೆಯಲ್ಲಿ ಒಬ್ಬರಾದರೂ ಹೇಳುತ್ತಾರೆ, ನೋಡಿ ಬೇಕಾದರೆ. ಅದು ಕಾನೂನಿಗೆ ಬಣ್ಣ ಹಚ್ಚಿ ವೇಷ ಕಟ್ಟಿದ ಹಾಗೆ. ಮಾಡಬೇಡಿ. ನೆನಪಿಟ್ಟುಕೊಂಡು ಮುಂದೆ ಬಂದದ್ದಕ್ಕೆ ಒಂದು ಒಳ್ಳೆಯ ಕಾಗದ ಬರೆದು ಸದ್ಯಕ್ಕೆ ಕೈ ಮುಗಿಯಿರಿ.

ಆರು ಲಕ್ಷ ಯಾವಾಗ ತೆಗೆದುಕೊಳ್ಳಬೇಕು ಅನ್ನುವುದೂ ಮುಖ್ಯ. ಸೊಸೈಟಿ ರಿಜಿಸ್ಟರ್ ಆದ ಮಾತ್ರಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಸಂಘದ ಹೆಸರಿಗೆ ಪಾನ್ ಮಾಡಿಸಿ, ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆ ನೋಂದಣಿ ಮಾಡಿಸಬೇಕು. ಜನರ ಬಾಯಲ್ಲಿ ಅದು 12ಎ. ದಾನಿಗೆ ತೆರಿಗೆ ಕಡಿತ ಸಿಗುವಂಥದ್ದು 80ಜಿ. 2026ರ ಏಪ್ರಿಲ್ 1ರಿಂದ ಹಳೆಯ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರುಗಳೆಲ್ಲ ಬೇರೆ. ಹೆಸರು ಮಾತ್ರ ಹಳೆಯದೇ ಓಡುತ್ತಿದೆ. ವಿನಾಯಿತಿ ಯಾವ ತಾರೀಕಿನಿಂದ ಅನ್ವಯಿಸುತ್ತದೆ ಅಂತ ಆಡಿಟರಿಂದ ಬರಹದಲ್ಲಿ ಪಡೆಯಿರಿ. ಆ ತಾರೀಕು ಬರುವ ತನಕ ದಾನಿಗಳನ್ನು ಕಾಯಲು ಹೇಳಿ. ಅದಕ್ಕಿಂತ ಮೊದಲೇ ಬಂದ ಆರು ಲಕ್ಷ ಸಂಘದ ಆದಾಯ ಅಂತಾಗಿ ತೆರಿಗೆ ಬಿದ್ದೀತು. 80ಜಿ ರಶೀದಿ ಕೊಡುವಾಗ ಎರಡು ಸಾವಿರಕ್ಕಿಂತ ಜಾಸ್ತಿ ನಗದಿಗೆ ದಾನಿಗೆ ಕಡಿತ ಸಿಗುವುದಿಲ್ಲ ಅಂತಲೂ ಮೊದಲೇ ಹೇಳಿಬಿಡಿ. ಅಂದ ಹಾಗೆ, ದುಬೈಯವರಿಗೆ ಭಾರತದಲ್ಲಿ ತೆರಿಗೆ ಕಟ್ಟುವ ಆದಾಯವೇ ಇಲ್ಲದಿದ್ದರೆ 80ಜಿಯಿಂದ ಅವರಿಗೆ ಏನೂ ಲಾಭ ಇಲ್ಲ. ಮಂಗಳೂರಿನ ಫ್ಲಾಟಿನ ಬಾಡಿಗೆ ಬರುತ್ತಿದ್ದರೆ ಉಂಟು.

ಆ ದುಡ್ಡು ಕಟ್ಟಡಕ್ಕೇ ಅಂತ ಅವರು ಹೇಳಿದ್ದಾರೆ. ಇಲ್ಲಿ ನನ್ನದೊಂದು ತಕರಾರು. ಆರು ಲಕ್ಷದಲ್ಲಿ ಕಟ್ಟಡ ಮುಗಿಯುವುದಿಲ್ಲ, ಅಡಿಪಾಯ ಎದ್ದು ನಿಲ್ಲುತ್ತದೆ. ಉಳಿದದ್ದಕ್ಕೆ ನೀವು ನಾಲ್ಕು ವರ್ಷ ರಶೀದಿ ಪುಸ್ತಕ ಹಿಡಿದು ಓಡಾಡುತ್ತೀರಿ. ಅಷ್ಟರಲ್ಲಿ ಯಕ್ಷಗಾನ ತರಗತಿ ನಿಂತಿರುತ್ತದೆ. ಭಾಗವತರಿಗೆ, ನಾಟ್ಯ ಗುರುಗಳಿಗೆ ತಿಂಗಳು ತಿಂಗಳು ಗೌರವಧನ, ಏರ್ ಬೆಡ್ಡಿನ ಪಂಪು ರಿಪೇರಿ, ಕರೆಂಟು ಬಿಲ್ಲು ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಏಕೆಂದರೆ ಅಲ್ಲಿ ಶಿಲಾಫಲಕ ಹಾಕಲಿಕ್ಕಾಗುವುದಿಲ್ಲ. ಅವರನ್ನು ಕೇಳಿ ನೋಡಿ: ಮೂರು ವರ್ಷದ ನಡೆಸುವ ಖರ್ಚಿಗೆ ಇಷ್ಟು, ಸಲಕರಣೆಗೆ ಇಷ್ಟು ಅಂತ ಒಂದು ಪುಟದ ಲೆಕ್ಕ ಕಳಿಸಿ. ಒಪ್ಪದೆ ಕಟ್ಟಡವೇ ಆಗಬೇಕು ಅಂದರೆ, ಅದಕ್ಕೇ ಕೊಟ್ಟದ್ದು ಅಂತ ಅವರಿಂದ ಪತ್ರ ಪಡೆದು ಆ ಹಣವನ್ನು ಬೇರೆಯೇ ಇಡಿ. ಅದರಿಂದ ವಾರ್ಷಿಕೋತ್ಸವದ ಊಟ ಹಾಕಬೇಡಿ.

ಸಲಕರಣೆ ಎರವಲಿಗೂ ಒಂದು ದಪ್ಪ ಪುಸ್ತಕ ಬೇಕು. ಮಂಚಕ್ಕೆ, ಕುರ್ಚಿಗೆ ಪೇಂಟಿನಲ್ಲಿ ನಂಬರು ಬರೆಯಿರಿ. ಕೊಟ್ಟ ದಿನ, ಮನೆಯ ಹೆಸರು, ಫೋನು, ಯಾವ ಸ್ಥಿತಿಯಲ್ಲಿತ್ತು ಎಲ್ಲ ಬರಲಿ. ಹಿಂದೆ ಕೊಡುವ ಠೇವಣಿ ತೆಗೆದುಕೊಂಡರೆ ಅದು ಸಂಘದ ಆದಾಯ ಅಲ್ಲ, ಸಾಲ. ಬೇರೆ ಕಾಲಂನಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಫೋನು ಮಾಡಿ, ಆದರೆ "ಕುರ್ಚಿ ಯಾವಾಗ ಕೊಡ್ತೀರಿ" ಅಂತಲ್ಲ, "ಹೇಗಿದ್ದಾರೆ" ಅಂತ. ರೋಗಿ ತೀರಿಕೊಂಡರೆ ಬೊಜ್ಜ ಮುಗಿಯುವ ತನಕ ಮಂಚದ ಸುದ್ದಿ ಎತ್ತಬೇಡಿ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆ ಮನೆಗೆ ಹೋಗುತ್ತಾರಲ್ಲ, ಯಾರಿಗೆ ನಿಜವಾಗಿ ಬೇಕು, ಯಾರ ಮನೆಯ ಅಟ್ಟದಲ್ಲಿ ಸುಮ್ನೆ ಬಿದ್ದಿದೆ ಅಂತ ಅವರಿಗೆ ಗೊತ್ತಿರುತ್ತದೆ. ಅವರ ಪರಿಚಯ ಮಾಡಿಕೊಳ್ಳಿ.

ಕೊಡುವಾಗ ಫೋಟೋ ತೆಗೆಯುತ್ತೀರಾ? ನೀವಿರುವುದು ಎಣ್ಮಕಜೆಯಲ್ಲಿ. 1976ರಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿದ ಊರುಗಳಲ್ಲಿ ಅದೂ ಒಂದು. ಅಲ್ಲಿನ ಮಕ್ಕಳ ಫೋಟೋ ತೆಗೆದುಕೊಂಡು ಹೋದವರಿಗೆ ಲೆಕ್ಕ ಇಲ್ಲ. ನಿಮ್ಮ ಬ್ಯಾನರಿಗೆ ಇನ್ನೊಂದು ಬೇಡ. ದಾನಿಗೆ ತೋರಿಸಬೇಕಾದರೆ ವೀಲ್‌ಚೇರಿನ ಫೋಟೋ ಕಳಿಸಿ, ಅದರಲ್ಲಿ ಕುಳಿತವರದ್ದಲ್ಲ.

ಇನ್ನು ನಿಮ್ಮ ಬೇಸರ. ನಮ್ಮ ಕಡೆಯ ಆಮಂತ್ರಣ ಪತ್ರಿಕೆ ನೋಡಿದರೇ ಕಾಯಿಲೆ ಗೊತ್ತಾಗುತ್ತದೆ ಮಾರಾಯ್ರೆ. ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಸಲಹೆಗಾರರು ಅಂತ ಮೂವತ್ತು ಹೆಸರು, ಕುರ್ಚಿ ಹಾಕಲು ಮೂರು ಜನ. ಬೈಲಾದಲ್ಲಿ ಹುದ್ದೆ ಕಡಿಮೆ ಮಾಡಿ, ಅವಧಿ ಎರಡು ವರ್ಷ, ಒಬ್ಬರೇ ಸತತ ಎರಡು ಅವಧಿಗಿಂತ ಹೆಚ್ಚು ಬೇಡ ಅಂತ ಬರೆಯಿರಿ. ಹಾಗೆ ಬರೆದರೆ ನಿಮ್ಮನ್ನು ಬಿಡಿಸುವುದು ಯಾರ ಮುನಿಸೂ ಅಲ್ಲ, ನಿಯಮ. ಕೆಲಸ ಹಂಚುವಾಗ "ಎಲ್ಲರೂ ಸಹಕರಿಸಿ" ಅಂದರೆ ಯಾರೂ ಬರುವುದಿಲ್ಲ. "ಗುರುವಾರ ಸಂಜೆ ಓದುವ ಕೋಣೆಯ ಬೀಗ ನಿನ್ನದು" ಅಂದರೆ ಬರುತ್ತಾರೆ. ನಿಮ್ಮ ಫೋನಿನಲ್ಲಿರುವ ಪಾಸ್‌ವರ್ಡ್, ದಾನಿಗಳ ನಂಬರು, ಪತ್ರಗಳ ಪ್ರತಿ ಎಲ್ಲವನ್ನೂ ಸಂಘದ ಹೆಸರಿನ ಒಂದು ಇಮೇಲಿಗೆ ಈಗಲೇ ಸಾಗಿಸಿ, ಜೊತೆ ಕಾರ್ಯದರ್ಶಿಗೂ ಕೀಲಿ ಕೊಡಿ.

ಬಾರದವರ ವಿಷಯಕ್ಕೆ 1860ರ ಕಾಯ್ದೆಯಲ್ಲೇ ಒಂದು ಮದ್ದು ಇದೆ. ಹದಿನೈದನೇ ಸೆಕ್ಷನ್. ಚಂದಾ ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇಟ್ಟವರು ಮತ ಹಾಕುವಂತಿಲ್ಲ, ಸದಸ್ಯರೆಂದು ಲೆಕ್ಕಕ್ಕೂ ಬರುವುದಿಲ್ಲ. ವರ್ಷಕ್ಕೆ ನೂರು ರೂಪಾಯಿ ಚಂದಾ ಇಡಿ. ಕೊಟ್ಟವರು ನಿಮ್ಮವರು. ಉಳಿದವರನ್ನು ಪ್ರೀತಿಯಿಂದ ಊಟಕ್ಕೆ ಕರೆಯಿರಿ, ಕೋರಂಗೆ ಮಾತ್ರ ಲೆಕ್ಕ ಹಾಕಬೇಡಿ.

ಮಹಾಸಭೆಯನ್ನು ಆಟಿ ತಿಂಗಳಲ್ಲಿ ಇಟ್ಟುಕೊಳ್ಳಿ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯುತ್ತದೆ. ಮೇ ಕೊನೆಯ ಪತ್ತನಾಜೆ ತನಕ ಕೋಲ, ಯಕ್ಷಗಾನದ ಆಟ, ಮದುವೆ ಅಂತ ಯಾರೂ ಕೈಗೆ ಸಿಗುವುದಿಲ್ಲ. ಜುಲೈ ಕೊನೆಗೆ ಲೆಕ್ಕ ಪರಿಶೋಧನೆಯೂ ಆಗಿರುತ್ತದೆ, ಮಳೆಗೆ ಜನ ಮನೆಯಲ್ಲೇ ಇರುತ್ತಾರೆ. ಹಲಸಿನ ಬೀಜದ ಏನಾದರೂ ಮಾಡಿಸಿ, ಬರುತ್ತಾರೆ. ಸಭೆ ಆದ ಹದಿನಾಲ್ಕು ದಿನದೊಳಗೆ ಹೊಸ ಸಮಿತಿಯ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ರಿಜಿಸ್ಟ್ರಾರಿಗೆ ಕೊಡಬೇಕು. ಸಂಘಗಳು ಮರೆಯುವುದು ಇದನ್ನೇ. ಐದಾರು ವರ್ಷ ಬಿಟ್ಟು ಸಹಿದಾರರನ್ನು ಬದಲಿಸಲು ಹೋದಾಗ ಬ್ಯಾಂಕಿನವರು ರಿಜಿಸ್ಟ್ರಾರ್ ಕಚೇರಿಯ ಪಟ್ಟಿ ಕೇಳುತ್ತಾರೆ, ಅಲ್ಲಿ ನೋಡಿದರೆ ಸತ್ತವರೇ ಇನ್ನೂ ಅಧ್ಯಕ್ಷರು.

ಈಗ ರಬ್ಬರ್ ಸ್ಟಾಂಪು. ಇವತ್ತು ಬೇಡ. ಹೆಸರಿನ ಮುಂದೆ (ರಿ.) ಅಂತ ಹಾಕಿಸುವ ಆಸೆ ಎಲ್ಲರಿಗೂ ಇರುತ್ತದೆ, ಸರ್ಟಿಫಿಕೇಟ್ ಕೈಗೆ ಬರುವ ಮೊದಲು ಅದನ್ನು ಲೆಟರ್‌ಹೆಡ್ಡಿನಲ್ಲೂ ಬಳಸುವಂತಿಲ್ಲ. ಹೆಸರು ಬೇರೆ ಸಂಘದ್ದಕ್ಕೆ ತೀರಾ ಹತ್ತಿರವಾದರೆ ರಿಜಿಸ್ಟ್ರಾರ್ ಬದಲಿಸಲು ಹೇಳಿಯಾರು. ಇನ್ನೊಂದು, ನಮ್ಮ ಹೆಸರುಗಳು ಇಂಗ್ಲಿಷಿಗೆ ಹೋಗುವಾಗ ಹತ್ತು ರೂಪ ತಾಳುತ್ತವೆ. ಕಾಸರಗೋಡು ಅಂತ ಬರೆಯುವಾಗಲೇ ನಡುವೆ ಒಂದು "ಎ" ಜಾಸ್ತಿ ಇರುವುದು, ಇಲ್ಲದ್ದು ಎರಡೂ ಓಡುತ್ತವೆ. ಸರ್ಟಿಫಿಕೇಟಿನಲ್ಲಿ ಒಂದು, ಪಾನ್ ಕಾರ್ಡಿನಲ್ಲಿ ಒಂದು ಆದರೆ ಬ್ಯಾಂಕಿನವರು ವಾಪಸು ಕಳಿಸುತ್ತಾರೆ. ಹೆಸರನ್ನು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಓದುವ ಕೋಣೆಯ ಗೋಡೆಗೆ ಅಂಟಿಸಿ. ಎಲ್ಲ ಅರ್ಜಿಗೂ ಅದನ್ನೇ ನೋಡಿ ಬರೆಯಿರಿ. ಸರ್ಟಿಫಿಕೇಟ್, ಪಾನ್, ಪಾಸ್‌ಬುಕ್ ಮೂರರಲ್ಲೂ ಅದೇ ಅಕ್ಷರ ಬಂದ ಮೇಲೆ ಸ್ಟಾಂಪಿನವನ ಹತ್ತಿರ ಹೋಗಿ.